ಹಾಡು ತೆಗೆಯುವ ಹಾಗೇ ಸಿನಿಮಾ ತೆಗೆದೆ: ನನ್ನ ಅನುಭವ

ಡೈಲಾಗನ್ನೂ ಹಾಡಿನ ಹಾಗೆ ಮೊದಲೇ ರೆಕಾರ್ಡ್ ಮಾಡಿ, ಸ್ಪೀಕರ್ ಹಚ್ಚಿ ಶೂಟ್ ಮಾಡ್ತೀನಿ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. "ಸಿನಿಮಾ ಅಂದ್ರೆ ಜಾನಪದ ವಿಡಿಯೋ ಅನ್ಕೊಂಡ್ಯಾ?" ಹಾಲಿವುಡ್ ನಿರ್ದೇಶಕ ಡೇವಿಡ್ ಫಿಂಚರ್ ಕೂಡ ನನ್ನ ಹಾಗೆ ಹಾಡಿನ ವಿಡಿಯೋಗಳಿಂದಲೇ 1992ರಲ್ಲಿ ಸಿನಿಮಾಕ್ಕೆ ಬಂದವರು, ಆಮೇಲೆ ಟೀವಿಗೂ. ಅವರ ಬಜೆಟ್ ನಮಗಿಲ್ಲ, ಅಷ್ಟೇ. ಈಗ ನನ್ನ ಸಿನಿಮಾ ಮುಗಿದಿದೆ. ಅದನ್ನು ನೋಡಿಯೇ ಚಾನೆಲ್ಲೊಂದು ಸೀರಿಯಲ್ ಕೊಟ್ಟಿದೆ.

ಕಥೆ ನಡೆಯುವುದು ಗುಳೇದಗುಡ್ಡದ ಖಣ ನೇಯುವ ಮನೆಯಲ್ಲಿ. ಮಗ್ಗ ನಿಲ್ಲಿಸಿದರೆ ಆ ದಿನದ ಕೂಲಿ ನಾವು ಕೊಡಬೇಕು. ನಡೆಸಿದರೆ ಸಿಂಕ್ ಸೌಂಡ್, ಅಂದರೆ ಶೂಟ್ ಮಾಡುವಾಗಲೇ ಮಾತನ್ನೂ ರೆಕಾರ್ಡ್ ಮಾಡೋದು, ಮರೆತುಬಿಡಬೇಕು. ಡಬ್ಬಿಂಗ್ ಅಂದರೆ ಕಲಾವಿದರೆಲ್ಲ ಬೆಂಗಳೂರಿಗೆ ಹೋಗಬೇಕು. ಬಸ್ಸು, ಲಾಡ್ಜು, ಸ್ಟುಡಿಯೋ ಬಾಡಿಗೆ ಸೇರಿ ಎರಡೂವರೆ ಮೂರು ಲಕ್ಷ. ನನ್ನ ಇಡೀ ಬಜೆಟ್ಟೇ 14 ಲಕ್ಷದ ಆಸುಪಾಸು!

ಕಲಾವಿದರು ಬನಶಂಕರಿ ಜಾತ್ರೆಗೆ ಕ್ಯಾಂಪ್ ಹಾಕುವ ನಾಟಕ ಕಂಪನಿಯವರು. ಕೊನೇ ಸಾಲಿನವನಿಗೂ ಕೇಳಿಸುವ ಗಂಟಲು. ಬಾಗಲಕೋಟೆ ನವನಗರದ ಒಂದು ರೂಮಿನಲ್ಲಿ ಸುತ್ತಲೂ ಕೌದಿ ತೂಗುಹಾಕಿ, ಮೈಕನ್ನು ಬಾಯಿ ಹತ್ತಿರ ಇಟ್ಟು, ಮೆತ್ತಗೆ ಮಾತಾಡಿಸಿದೆವು.

ಮೊದಲ ಶೆಡ್ಯೂಲ್ ಪೂರ್ತಿ ಹಾಳು. ತುಟಿ ಕೂಡುತ್ತಿತ್ತು, ಕಣ್ಣು ಕೂಡುತ್ತಿರಲಿಲ್ಲ. ಎಲ್ಲರ ಜೀವವೂ ಸ್ಪೀಕರ್ ಕಡೆಗೇ. ತಾಯಿ ಪಾತ್ರದವರು ಬೈದೇ ಬಿಟ್ಟರು: "ನಾ ಉಸುರು ತಗೊಳ್ಳೋದ್ರಾಗ ನನ್ನ ಮಾತು ನನಗಿಂತ ಮುಂದ ಓಡತೈತ್ರಿ ಸರ!" ಸುಮಾರು 80 ಸಾವಿರ ನೀರಿಗೆ ಹೋಯಿತು.

ಅವರ ಬೈಗುಳದಲ್ಲೇ ದಾರಿ ಇತ್ತು. ಹಾಡಿಗೆ ತಾಳ ಇರುತ್ತದೆ, ಮುಂದಿನ ಸಾಲು ಯಾವಾಗ ಅಂತ ಮೈಗೇ ಗೊತ್ತು. ಮಾತಿಗೆ ಅದಿಲ್ಲ. ಹಾಗಾಗಿ ಪ್ರತಿ ಮಾತಿನ ಮೊದಲು ತಬಲಾದ ಒಂದು ಪೆಟ್ಟು ಸೇರಿಸಿದೆ. ಮಗ್ಗದ ಖಟಖಟದಲ್ಲೂ ಸೀಳಿಕೊಂಡು ಕೇಳುತ್ತದೆ. ಕಂಪನಿಯವರಿಗೆ ತಬಲಾ ಹೊಸದಲ್ಲ ಅಲ್ವಾ! ಮಾತಿಗಿಂತ ಎಷ್ಟು ಮುಂಚೆ ಪೆಟ್ಟು ಬೀಳಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಇನ್ನೊಂದು, ಟ್ರ್ಯಾಕನ್ನು ಒಂದೇ ಉದ್ದಕ್ಕೆ ಬಿಡಲಿಲ್ಲ. ತುಂಡು ತುಂಡು ಮಾಡಿ, ಜಾತ್ರೆಯಲ್ಲಿ ಡಿಜೆ ನಡೆಸುವ ಹುಡುಗನ ಕೈಗೆ ಕೊಟ್ಟೆ. ಅವನು ಕ್ಯಾಮೆರಾ ಕಡೆ ನೋಡುವುದೇ ಇಲ್ಲ. ಆ ತಾಯಿಯ ಹೆಗಲು ಉಸಿರಿಗೆ ಮೇಲೇರುವುದನ್ನೇ ಕಾಯುತ್ತಾನೆ, ಏರಿದ ಕೂಡಲೇ ಬಟನ್ ಒತ್ತುತ್ತಾನೆ. ಆಮೇಲೆ ಮುಖಕ್ಕೆ ಜೀವ ಬಂತು. ನಕ್ಕ ಗೆಳೆಯರಲ್ಲೇ ಒಬ್ಬ ಎಡಿಟಿಂಗ್‌ನಲ್ಲಿ ನೋಡಿ "ಇದು ಸಿಂಕ್ ಸೌಂಡಾ?" ಅಂತ ಕೇಳಿದ. ಸುಮ್ನೆ ನಕ್ಕೆ.

ಹಾಡಿನ ವಿಡಿಯೋದಲ್ಲಿ ನಾವೆಲ್ಲ ಮಾಡುವ 48 ಫ್ರೇಮ್ ಆಟ ಒಂದಿದೆ, ಹಾಡನ್ನು ಎರಡರಷ್ಟು ವೇಗದಲ್ಲಿ ಹಚ್ಚಿ, ಸೆಕೆಂಡಿಗೆ 48 ಫ್ರೇಮಿನಂತೆ ಶೂಟ್ ಮಾಡಿ, ಆಮೇಲೆ 24ರಲ್ಲಿ ಓಡಿಸೋದು. ಅದನ್ನು ಅತ್ತೆ-ಸೊಸೆ ಜಗಳಕ್ಕೂ ಹಚ್ಚಿ ನೋಡಿದೆ. ಸೆಟ್ಟಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ತೆರೆ ಮೇಲೆ ಮಾತು ಸರಿಯಾಗಿ, ಕೂದಲು, ಸೆರಗು ಮಾತ್ರ ತೇಲಿದ ಹಾಗೆ. ಅರ್ಧ ನಿಮಿಷ ಉಳಿಸಿಕೊಂಡೆ. ಜಾಸ್ತಿ ಆದರೆ ತಲೆ ತಿರುಗುತ್ತದೆ.

ಸೀರಿಯಲ್ ಬೇರೆ ಲೆಕ್ಕ. ಅರ್ಧ ಗಂಟೆಯ ಸ್ಲಾಟಿಗೆ 22 ನಿಮಿಷದಷ್ಟು ಕೊಡಬೇಕು, ಡೈಲಾಗ್ ಬರುವುದೇ ಆವತ್ತು ಬೆಳಿಗ್ಗೆ. ಮೊದಲೇ ರೆಕಾರ್ಡ್ ಮಾಡಲು ಟೈಮೆಲ್ಲಿ? ಮನೆಯೊಳಗಿನ ಸೀನಿಗೆ ಮಾಮೂಲಿ ಮೈಕೇ. ಸಂತೆ, ಬಸ್ ಸ್ಟ್ಯಾಂಡ್ ಸೀನಿದ್ದರೆ ಮಾತ್ರ ಊಟದ ಹೊತ್ತಲ್ಲಿ ಗಾಡಿಯೊಳಗೆ ರೆಕಾರ್ಡ್ ಮಾಡಿ ಸ್ಪೀಕರ್ ಇಳಿಸುತ್ತೇವೆ. ಡಿಜೆ ಹುಡುಗನಿಗೆ ಈಗ ದಿನಕ್ಕೆ ಒಂದೂವರೆ ಸಾವಿರ. ಜಾತ್ರೆ ಸೀಸನ್‌ನಲ್ಲಿ ಅದಕ್ಕೂ ಬರಲ್ಲ ಅಂತಾನೆ.