ಎಂಟು ಬೆಟ್ಟಗಳು, ಒಂದು ಯುದ್ಧ: ಪಟ್ಟಿ ಲೇಖನ ಬರೆದ ನನ್ನ ಅನುಭವ

ಪತ್ರಿಕೆಯೊಂದರ ಆನ್‌ಲೈನ್ ಆವೃತ್ತಿಯಲ್ಲಿ ಪ್ರವಾಸದ ಪುಟವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ಪುಟಕ್ಕೆ ವರ್ಷವಿಡೀ ಓದುಗರನ್ನು ಕರೆತರುವ ಬರಹಗಳ ಶೀರ್ಷಿಕೆಯಲ್ಲಿ ಬಹುಪಾಲು ಒಂದು ಅಂಕಿ ಇದ್ದೇ ಇರುತ್ತದೆ. ‘ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ 8 ಬೆಟ್ಟಗಳು’ ಎಂಬ ನನ್ನ ಲೇಖನ ಅಂಥದ್ದೇ ಒಂದು. ಓದುಗರಿಗೆ ತಾಳ್ಮೆಯಿಲ್ಲದ ಕಾರಣ ಇವು ಓಡುತ್ತವೆ ಎಂದು ಮೂಗು ಮುರಿಯುವ ಸಹೋದ್ಯೋಗಿಗಳು ನನಗಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಶೀರ್ಷಿಕೆಯಲ್ಲಿರುವ ಅಂಕಿ ಓದುಗನಿಗೆ ಕೊಟ್ಟ ಮಾತು. ಮೆಟ್ರೊದಲ್ಲಿ ಕಂಬ ಹಿಡಿದು ನಿಂತು ಮೊಬೈಲ್ ನೋಡುವವನಿಗೆ ಬರಹ ಎಲ್ಲಿ ಮುಗಿಯುತ್ತದೆ, ಇನ್ನೆಷ್ಟು ಉಳಿದಿದೆ, ತನ್ನ ನಿಲ್ದಾಣ ಬಂದು ನಡುವೆ ಬಿಟ್ಟರೆ ಮತ್ತೆ ಎಲ್ಲಿಂದ ಹಿಡಿಯಬೇಕು ಎಂಬುದು ಓದುವ ಮೊದಲೇ ತಿಳಿದಿರುತ್ತದೆ. ಉದ್ದನೆಯ ಪ್ರಬಂಧ ಈ ಭರವಸೆಯನ್ನು ಕೊಡಲಾರದು.

ಪರದೆಯ ಮೇಲೆ ಕಣ್ಣು ಓಡುವ ರೀತಿಯೂ ಪಟ್ಟಿಗೆ ಅನುಕೂಲವಾಗಿದೆ. ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಓದುಗರು ಮೇಲಿನ ಕೆಲವು ಸಾಲುಗಳನ್ನು ಅಡ್ಡಲಾಗಿ ನೋಡಿ, ಆಮೇಲೆ ಎಡ ಅಂಚಿನಲ್ಲೇ ಕೆಳಕ್ಕೆ ಇಳಿಯುತ್ತಾರೆ; ಅಂಕಿ ಮತ್ತು ಉಪಶೀರ್ಷಿಕೆಗಳು ಕಾದು ಕುಳಿತಿರುವುದು ಅಲ್ಲಿಯೇ. ಇನ್ನು, ‘ಮನುಷ್ಯನ ನೆನಪಿನಲ್ಲಿ ಏಳು ಸಂಗತಿ ಮಾತ್ರ ನಿಲ್ಲುತ್ತವೆ, ಆದ್ದರಿಂದ ಏಳನ್ನೇ ಕೊಡಿ’ ಎಂದು ನಮ್ಮ ವೃತ್ತಿಯಲ್ಲಿ ಪದೇ ಪದೇ ಕೇಳಿಬರುವ ಸಲಹೆಯನ್ನು ನಾನು ಗಂಭೀರವಾಗಿ ತೆಗೆದುಕೊಂಡಿಲ್ಲ. ಈ ಏಳರ ಲೆಕ್ಕದ ಮೂಲವಾದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದದ್ದು ಆ ಕ್ಷಣದ ನೆನಪಿನ ಮಿತಿಯ ಬಗ್ಗೆ. ಬರಹ ಕಣ್ಣೆದುರಿಗೇ ಇರುವಾಗ ಓದುಗ ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಬಾಯಿಪಾಠವೇ ಗತಿಯಾಗಿದ್ದ ಕಾಲದಲ್ಲಿ ಅಂಕಿಗೆ ಬೇರೊಂದು ಕೆಲಸವಿತ್ತು. ವೀರಶೈವ-ಲಿಂಗಾಯತ ಪರಂಪರೆಯಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲ ಎಂದು ಹೆಸರಿನಲ್ಲೇ ಲೆಕ್ಕ ಕಟ್ಟಿಟ್ಟಿದ್ದರಿಂದ, ಅಷ್ಟಾವರಣವನ್ನು ಒಪ್ಪಿಸುವಾಗ ಏಳಕ್ಕೇ ನಿಂತ ಶಿಷ್ಯನಿಗೆ ಒಂದು ಬಿಟ್ಟುಹೋಗಿದೆ ಎಂಬುದು ಯಾರೂ ಹೇಳದೆಯೇ ಗೊತ್ತಾಗುತ್ತಿತ್ತು. 2006ರಲ್ಲಿ ಆರಂಭವಾದ ಅಮೆರಿಕದ ಜಾಲತಾಣ ಬಜ್‌ಫೀಡ್ ಪಟ್ಟಿ ಲೇಖನಕ್ಕೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟಿರಬಹುದು, ಆದರೆ ಎಣಿಸಿ ಹೇಳಿದ್ದನ್ನು ನಂಬುವ ಅಭ್ಯಾಸ ಅದಕ್ಕಿಂತ ಬಹಳ ಹಳೆಯದು.

ಬೆಟ್ಟಗಳ ಲೇಖನವನ್ನು ಬರೆದ ಬಗೆಯನ್ನು ಹೇಳುತ್ತೇನೆ. ಮೊದಲು ಬೇಕಾದದ್ದಕ್ಕಿಂತ ಹೆಚ್ಚು ಹೆಸರುಗಳನ್ನು ಕಲೆಹಾಕಿಕೊಂಡು, ಒಂದೇ ದಿನದಲ್ಲಿ ನಿಜಕ್ಕೂ ಮುಗಿಯದವನ್ನು ಕೈಬಿಟ್ಟೆ. ಉಳಿದದ್ದನ್ನು ಎಣಿಸಿದ ಮೇಲೆಯೇ ಶೀರ್ಷಿಕೆಗೆ ಅಂಕಿ ಬಂತು. ಮೊದಲೇ ಹತ್ತು ಎಂದು ನಿಶ್ಚಯಿಸಿದರೆ ಕೊನೆಯ ಎರಡು ಭರ್ತಿಯ ಸರಕಾಗುತ್ತವೆ, ಮತ್ತು ಓದುಗನಿಗೆ ಅದು ತಕ್ಷಣ ತಿಳಿಯುತ್ತದೆ. ಎಲ್ಲರೂ ಹುಡುಕುವ ನಂದಿಬೆಟ್ಟವನ್ನು ಮೊದಲಿಗೆ ಇಟ್ಟೆ. ಒಳಕಲ್ಲು ತೀರ್ಥದ ಶಿವಗಂಗೆ, ಮಾಗಡಿ ಬಳಿಯ ಏಕಶಿಲೆಯ ಸಾವನದುರ್ಗ, ನಾಮದ ಚಿಲುಮೆಯ ಪಕ್ಕದ ದೇವರಾಯನದುರ್ಗ, ರಣಹದ್ದುಗಳ ರಾಮದೇವರ ಬೆಟ್ಟ ಮೊದಲಾದವು ಅದರ ಹಿಂದೆ ಬಂದವು. ಪ್ರತಿಯೊಂದಕ್ಕೂ ಒಂದೇ ಅಚ್ಚು: ದೂರ, ಎತ್ತರ, ಏರುವ ಹಾದಿ, ಕುಡಿಯುವ ನೀರು ಸಿಗುವ ಜಾಗ. ನಂದಿಬೆಟ್ಟ 1,478 ಮೀಟರ್, ಸಾವನದುರ್ಗ 1,226 ಮೀಟರ್ ಎಂದು ಬರೆದರೆ ಸಾಕು, ಒಂದರಿಂದ ಇನ್ನೊಂದಕ್ಕೆ ದಾಟಿಸುವ ವಾಕ್ಯವೇ ಬೇಡ. ಬರೆಯುವವನ ನಿಜವಾದ ಶ್ರಮವೆಲ್ಲ ‘ಆದ್ದರಿಂದ’, ‘ಆದರೂ’, ‘ಇಷ್ಟರಲ್ಲಿ’ ಎಂಬ ಕೀಲುಗಳಲ್ಲಿ ಇರುವುದರಿಂದ, ಅವುಗಳಿಂದ ಬಿಡುಗಡೆ ಪಡೆದ ಬರಹ ಒಂದು ಮಧ್ಯಾಹ್ನದಲ್ಲಿ ಸಿದ್ಧವಾಗುತ್ತದೆ. ಪಟ್ಟಿ ಲೇಖನಗಳು ಇಷ್ಟೊಂದು ಹರಡಿರುವುದಕ್ಕೆ ಓದುಗರ ಇಷ್ಟ ಅರ್ಧ ಕಾರಣವಾದರೆ, ಬರೆಯುವವರಿಗಿರುವ ಈ ಸುಲಭ ಇನ್ನರ್ಧ ಎಂದು ನನ್ನ ಎಣಿಕೆ.

ಲೇಖನ ಹೊರಬಿದ್ದ ಕೂಡಲೇ ‘ಮಧುಗಿರಿ ಏಕಿಲ್ಲ?’ ಎಂಬ ಆಕ್ಷೇಪ ಶುರುವಾಯಿತು. ಆಕ್ಷೇಪಿಸುವವರೇ ಲೇಖನವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುತ್ತಾರೆ, ತಮ್ಮ ಊರಿನ ಬೆಟ್ಟ ಸೇರಿಸಿ ಇನ್ನೊಂದು ಪಟ್ಟಿ ಮಾಡಿ ಎಂದು ಒತ್ತಾಯಿಸುತ್ತಾರೆ. ಪಟ್ಟಿಯಲ್ಲಿ ಇರುವುದರಷ್ಟೇ ಇಲ್ಲದಿರುವುದೂ ಓದುಗರನ್ನು ಹಿಡಿದಿಡುತ್ತದೆ.

ಆದರೆ ಆ ಎಂಟು ಬೆಟ್ಟಗಳಲ್ಲಿ ಎರಡರ ನಡುವೆ ಒಂದು ಕಥೆಯಿತ್ತು, ಅದಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ. 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋಗಿಯೂ, ದಂಡಿಗೆ ಆಹಾರವಿಲ್ಲದೆ, ಗಾಡಿ ಎಳೆಯುವ ಎತ್ತುಗಳು ಸತ್ತು, ಭಾರಿ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಸರಬರಾಜಿನ ಹಾದಿ ಭದ್ರವಾಗದೆ ಮತ್ತೆ ಮುಂದುವರಿಯುವಂತಿಲ್ಲ ಎಂದು ಅರಿತ ಅವನು ಟಿಪ್ಪುವಿನ ಗಿರಿದುರ್ಗಗಳನ್ನು ಒಂದೊಂದಾಗಿ ತೆಗೆದುಕೊಂಡ. ಅಕ್ಟೋಬರ್‌ನಲ್ಲಿ ನಂದಿದುರ್ಗ ಬಿತ್ತು, ಡಿಸೆಂಬರ್‌ನಲ್ಲಿ ಸಾವನದುರ್ಗ. 1792ರ ಫೆಬ್ರುವರಿಯಲ್ಲಿ ಅವನ ಸೈನ್ಯ ಮತ್ತೆ ಶ್ರೀರಂಗಪಟ್ಟಣದ ಮುಂದಿತ್ತು. ನನ್ನ ಪಟ್ಟಿಯಲ್ಲಿ ನಂದಿಯ ಕೆಳಗೆ ‘ಬ್ರಿಟಿಷರು 1791ರಲ್ಲಿ ವಶಪಡಿಸಿಕೊಂಡ ಕೋಟೆ’ ಎಂದಿತ್ತು, ಸಾವನದುರ್ಗದ ಕೆಳಗೂ ಅದೇ ವಾಕ್ಯ ಇತ್ತು. ಎರಡೂ ನಿಜವೇ. ಈ ದುರ್ಗಗಳಿಗೆ ಅವನು ಒಂದರ ಹಿಂದೊಂದಾಗಿ ಏಕೆ ಕೈಹಾಕಿದ ಎಂಬುದು ಮಾತ್ರ ಎರಡು ಅಂಕಿಗಳ ನಡುವಿನ ಬಿಳಿ ಜಾಗದಲ್ಲಿ ಕಳೆದುಹೋಗಿತ್ತು. ಈ ಯುದ್ಧವನ್ನು ನಾನು ಬೇರೆಯೇ ಬರಹವಾಗಿ, ಅಂಕಿಯಿಲ್ಲದೆ ಬರೆದೆ.

ಆಗಿನಿಂದ ಒಂದು ಪರೀಕ್ಷೆಯನ್ನು ಇಟ್ಟುಕೊಂಡಿದ್ದೇನೆ. ಬರೆದ ಅಂಶಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ನೋಡುತ್ತೇನೆ. ಕ್ರಮ ಕೆಟ್ಟರೂ ಅರ್ಥ ಕೆಡದಿದ್ದರೆ ಪಟ್ಟಿಯೇ ಸರಿ. ಷಟ್‌ಸ್ಥಲದ ಭಕ್ತ, ಮಹೇಶ, ಪ್ರಸಾದಿಗಳನ್ನು ಹಾಗೆ ಕಲಸಲು ಬರುವುದಿಲ್ಲ, ಏಕೆಂದರೆ ಅವು ಐಕ್ಯದವರೆಗೆ ಏರುವ ಹಂತಗಳು. ಬೆಟ್ಟಗಳನ್ನು ಧಾರಾಳವಾಗಿ ಕಲಸಬಹುದು.

ಈಚೆಗೆ ರಾಮದೇವರ ಬೆಟ್ಟದ ರಣಹದ್ದುಗಳ ಬಗ್ಗೆ ಬರೆಯುವಾಗ ಸಂಪಾದಕರು ‘ರಣಹದ್ದು ಕಣ್ಮರೆಯಾಗಲು 5 ಕಾರಣಗಳು’ ಎಂಬ ಶೀರ್ಷಿಕೆ ಸೂಚಿಸಿದರು. ಕಲಸಿ ನೋಡಿದೆ, ಆಗಲಿಲ್ಲ. ದನಗಳಿಗೆ ನೋವಿನ ಮದ್ದಾಗಿ ಡೈಕ್ಲೊಫೆನಾಕ್ ಕೊಡುತ್ತಿದ್ದರು, ಸತ್ತ ದನದ ಮಾಂಸದಲ್ಲಿ ಅದು ಉಳಿಯುತ್ತಿತ್ತು, ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ಇದು 2004ರಲ್ಲಿ ಖಚಿತವಾಗಿ, 2006ರಲ್ಲಿ ಪಶುಚಿಕಿತ್ಸೆಗೆ ಆ ಔಷಧವನ್ನು ನಿಷೇಧಿಸಲಾಯಿತು. ಇವು ಐದು ಕಾರಣಗಳಲ್ಲ, ಒಂದೇ ಸರಪಳಿ. ಸಂಪಾದಕರು ಒಪ್ಪಿ ಅಂಕಿಯನ್ನು ತೆಗೆದರು. ಬೆಟ್ಟಗಳ ಪಟ್ಟಿಗೆ ಬಂದಷ್ಟು ಓದುಗರು ಅದಕ್ಕೆ ಬರಲಿಲ್ಲ. ಬಂದವರಲ್ಲಿ ಪಶುವೈದ್ಯರೊಬ್ಬರು ದೂರವಾಣಿ ಮಾಡಿ, ಹದ್ದುಗಳಿಗೆ ಅಪಾಯ ಮಾಡದ ಮೆಲೊಕ್ಸಿಕ್ಯಾಮ್ ಬದಲಿಗೆ ಇದೆ ಎಂಬುದನ್ನು ಸೇರಿಸದೆ ಬರಹ ಪೂರ್ಣವಾಗದು ಎಂದರು. ಆ ವಾಕ್ಯ ಕೂರಬಹುದಾದ ಜಾಗ ಬರಹದಲ್ಲಿ ಒಂದೇ ಇತ್ತು, 2006ರ ನಿಷೇಧದ ಬೆನ್ನಿಗೆ, ಅಲ್ಲಿಗೇ ಸೇರಿಸಿದೆ.