ಮಾಳಿಗೆ ಮೇಲಿನ ಮೆಂತೆ, ಸಂತೆಯ ಬದನೆಕಾಯಿ

ರೊಟ್ಟಿ ಜೊತೆ ಹಸಿ ತಪ್ಪಲು (ಸೊಪ್ಪು) ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಊಟ ಮುಗಿದ ಹಾಗೆ ಅನಿಸುವುದಿಲ್ಲ. ಮೆಂತೆ, ಹೊಲದ ಬದುವಿನಲ್ಲಿ ಬೆಳೆಯುವ ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ. ಬೇಯಿಸುವ ಪಲ್ಯ ಒಂದು ದಿನ ಹಳೆಯದಾದರೂ ನಡೆಯುತ್ತದೆ. ಹಸಿಯಾಗಿ ತಿನ್ನುವುದು ಹಾಗಲ್ಲ ಅಲ್ವಾ? ಮಾರ್ಕೆಟ್‌ನಿಂದ ತಂದ ಸೂಡು ಮಧ್ಯಾಹ್ನಕ್ಕೇ ಬಾಡಿರುತ್ತಿತ್ತು. ಯಾವ ನೀರಲ್ಲಿ ತೊಳೆದಿದ್ದರೋ ಅನ್ನುವ ಅನುಮಾನ ಬೇರೆ. ಅದಕ್ಕೇ ವಿಜಯಪುರದ ಜಲನಗರದಲ್ಲಿರುವ ನಮ್ಮ ಮನೆ ಮಾಳಿಗೆ ಮೇಲೆ ತಪ್ಪಲು ಬೆಳೆಯಲು ಶುರು ಮಾಡಿದೆ.

ಮೊದಲು ಎಡವಿದ್ದು ಮಣ್ಣಿನಲ್ಲಿ. ತವರಿನ ಹೊಲದಿಂದ ಆರು ಚೀಲ ಎರೆಮಣ್ಣು, ಅಂದರೆ ಕಪ್ಪು ಮಣ್ಣು, ತರಿಸಿದೆ. ಬಿಳಿಜೋಳ, ಕಡಲೆ ಬೆಳೆಯುವ ಮಣ್ಣು, ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು ಅನಿಸಿತ್ತು. ದಿನಾ ನೀರು ಹಾಕಿದರೂ ಸಸಿ ಒಣಗಿದವು. ಒಂದು ದಿನ ಕೂತು ನೋಡಿದೆ. ಮಣ್ಣು ಬಿಗಿದುಕೊಂಡು ಗಿಡ ಬೆಳೆಸುವ ಚೀಲದ ಅಂಚು ಬಿಟ್ಟಿತ್ತು. ಸುತ್ತ ಬೆರಳು ತೂರುವಷ್ಟು ಬಿರುಕು. ಹಾಕಿದ ನೀರೆಲ್ಲ ಆ ಬಿರುಕಿನಲ್ಲಿ ಇಳಿದು ಕೆಳಗಿನ ತೂತಿನಿಂದ ಓಡುತ್ತಿತ್ತು. ಹೆಂಟೆ ಒಡೆದರೆ ಒಳಗೆ ಒಣ ಮಣ್ಣು. ಅತ್ತೆ ನೋಡಿ, "ಎರಿ ಹೊಲದಾಗ ಚಂದವ್ವಾ, ಕುಂಡ್ಯಾಗಲ್ಲ" ಅಂದರು.

ಆಮೇಲೆ ಮಿಶ್ರಣ ಬದಲಿಸಿದೆ. ಒಂದು ಬುಟ್ಟಿ ಎರೆಮಣ್ಣಿಗೆ ಎರಡು ಬುಟ್ಟಿ ಮಸಾರಿ (ಕೆಂಪು) ಮಣ್ಣು, ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರ, ಒಂದು ಬುಟ್ಟಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರಡು ಹಿಡಿ ಬೇವಿನ ಹಿಂಡಿ. ಗೊಬ್ಬರ ಪೂರ್ತಿ ಕಳಿತಿರಲೇಬೇಕು, ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ. ಉಂಡೆ ಆಗಬೇಕು, ಬೆರಳಿಂದ ತಟ್ಟಿದರೆ ಪುಡಿಯಾಗಬೇಕು. ಅಷ್ಟಾದರೆ ಸಾಕು.

ಮೆಂತೆಗೆ ಆಳ ಬೇಡ, ಆರು ಇಂಚಿನ ಟ್ರೇ ಸಾಕು. ಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಒತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸುತ್ತೇನೆ. ಮೂರ್ನಾಲ್ಕು ದಿನಕ್ಕೆ ಮೊಳಕೆ, ಇಪ್ಪತ್ತೈದು ದಿನಕ್ಕೆ ಬೇರುಸಮೇತ ಕೀಳಬಹುದು. ಎಲ್ಲ ಟ್ರೇಗೂ ಒಂದೇ ದಿನ ಬಿತ್ತುವುದಿಲ್ಲ. ವಾರಕ್ಕೊಂದು ಟ್ರೇ. ಆಗ ಪ್ರತಿ ವಾರ ಎಳೆ ಮೆಂತೆ ಕೈಗೆ ಸಿಗುತ್ತದೆ.

ಬೇಸಿಗೆ ಬೇರೆಯೇ ಕಥೆ. ನಮ್ಮೂರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಸಿರು ನೆಟ್ ಕಟ್ಟಿದರೂ ಮೆಂತೆ, ಕೊತ್ತಂಬರಿ ಸೊರಗುತ್ತವೆ. ಆಗ ಸುಮ್ನೆ ಅವನ್ನು ಬಿಟ್ಟು ರಾಜಗಿರಿ, ಪುಂಡಿ ತಪ್ಪಲು ಹಾಕುತ್ತೇನೆ. ಎರಡೂ ಬಿಸಿಲಿಗೆ ಗಟ್ಟಿ. ಇನ್ನೊಂದು ಮಾತು: ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರು ಕಾದಿರುತ್ತದೆ, ಅದನ್ನು ಬಕೆಟ್‌ಗೆ ಬಿಟ್ಟು ತಣ್ಣಗಾದ ಮೇಲೆಯೇ ಗಿಡಕ್ಕೆ ಹಾಕಬೇಕು.

ಎಲ್ಲವನ್ನೂ ಮಾಳಿಗೆ ಮೇಲೇ ಬೆಳೆಯುವ ಹಟ ನನಗಿಲ್ಲ. ಬದನೆ, ಚವಳಿಕಾಯಿ, ಹೀರೆಕಾಯಿ ಶಾಸ್ತ್ರಿ ಮಾರ್ಕೆಟ್‌ನಿಂದ ಬರುತ್ತವೆ. ನಸುಕಿನಲ್ಲಿ ಹೋಗಿ, ನೆಲದ ಮೇಲೆ ತಟ್ಟು ಹಾಸಿ ಕೂತ ಹಳ್ಳಿಯ ಹೆಣ್ಣುಮಕ್ಕಳ ಹತ್ತಿರವೇ ಕೊಳ್ಳುತ್ತೇನೆ. "ನಿಮ್ಮ ಹೊಲದ್ದೇನ್ರೀ ಅಕ್ಕಾರ?" ಅಂತ ಕೇಳಿದರೆ ಮರೆಮಾಚದೆ ಹೇಳುತ್ತಾರೆ. "ಇದು ನಮ್ದರಿ, ನಿನ್ನಿ ಸಂಜೀಕ ಹರದೇನಿ. ಅದು ದಲಾಲಿ ಅಂಗಡೀದು." ಬದನೆಯ ತೊಟ್ಟು ಹಸಿರಾಗಿದ್ದು ಮುಳ್ಳು ಚುಚ್ಚಿದರೆ ಹೊಸದು. ಎಣ್ಣೆಗಾಯಿಗೆ ಅದೇ ಬೇಕು. ನಿಂಬೆಹಣ್ಣು ನಮ್ಮ ಜಿಲ್ಲೆಯ ಇಂಡಿ ಕಡೆಯಿಂದ ಧಾರಾಳವಾಗಿ ಬರುವಾಗ ಕುಂಡದಲ್ಲಿ ನಿಂಬೆ ಗಿಡ ಯಾಕೆ?

ಹಕ್ಕರಕಿ ಮಾತ್ರ ನನಗೆ ಇನ್ನೂ ಒಲಿದಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು (ಹೊಲಕ್ಕೆ ನೈವೇದ್ಯ ಅರ್ಪಿಸಲು) ತವರಿಗೆ ಹೋದಾಗ ಹೊಲದ ಬದುವಿನಿಂದ ಎರಡು ಗಿಡ ಬೇರುಸಮೇತ ತಂದು ನೆಟ್ಟೆ. ತಪ್ಪಲು ಕೀಳದೆ ಹಾಗೇ ಹೂವಿಗೆ ಬಿಟ್ಟೆ. ಬಿಳಿ ನವಿರು ಅಂಟಿದ ಬೀಜ ಗಾಳಿಗೆ ಹಾರುವ ಮುಂಚೆ ಆರಿಸಿ ಪೇಪರ್ ಪೊಟ್ಟಣ ಕಟ್ಟಿಟ್ಟಿದ್ದೇನೆ. ಮಳೆ ಬಿದ್ದು ಮಾಳಿಗೆ ತಂಪಾದ ಮೇಲೆ ಬಿತ್ತುತ್ತೇನೆ.