ಮೂರನೆಯ ವಾರದ ಚೀಟಿ: ನಗರ ಯೋಜನೆಯ ತರಗತಿಯಲ್ಲಿ ನನ್ನ ಅನುಭವ

ಕಾರವಾರದ ಕಾಲೇಜೊಂದರಲ್ಲಿ ನಗರ ಯೋಜನೆಯ ಪ್ರಾಥಮಿಕ ಪಾಠ ಹೇಳುವ ನಾನು, ನನ್ನ ಬೋಧನೆಯ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಸೆಮಿಸ್ಟರ್ ಮುಗಿದ ಮೇಲೆ ಕೇಳುವ ರೂಢಿಯನ್ನು ಬಿಟ್ಟು ಮೂರನೆಯ ವಾರದಲ್ಲೇ ಕೇಳಲು ಹೊರಟಾಗ, ಹಿರಿಯ ಸಹೋದ್ಯೋಗಿಯೊಬ್ಬರು "ಮಾರಾಯ್ರೆ, ಮಕ್ಕಳ ಕೈಗೆ ಕೋಲು ಕೊಟ್ಟು ನೀವೇ ಬೆನ್ನು ತೋರಿಸ್ತೀರಲ್ಲ" ಎಂದಿದ್ದರು. ಈಗ ಅವರ ತರಗತಿಯಲ್ಲೂ ಅಭಿಪ್ರಾಯ ಕೇಳುವ ಅದೇ ಚೀಟಿ ನಡೆಯುತ್ತಿದೆ ಎಂಬುದನ್ನು ಸಂತೋಷದಿಂದಲೇ ಬರೆಯುತ್ತೇನೆ.

ಒಂದರಿಂದ ಐದರವರೆಗೆ ಅಂಕ ಕೊಡುವ ಅಚ್ಚಿನ ನಮೂನೆಯ ಗತಿ ನಮಗೆಲ್ಲ ಗೊತ್ತಿರುವುದೇ. ನನ್ನ ತರಗತಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ನಾಲ್ಕಕ್ಕೆ ಗುರುತು ಹಾಕಿ ಎದ್ದು ಹೋಗುತ್ತಿದ್ದರು. ಗೂಗಲ್ ಫಾರ್ಮ್‌ಗೆ ಕಾಸು ಬೀಳಲಿಲ್ಲ, ಆದರೆ ಅರವತ್ತು ಮಂದಿಯಲ್ಲಿ ಹತ್ತೋ ಹನ್ನೆರಡೋ ಮಂದಿ ಮಾತ್ರ ತುಂಬಿದರು, ಏಕೆಂದರೆ ಇಮೇಲ್ ವಿಳಾಸ ನನಗೆ ಕಾಣುತ್ತದೆ ಎಂಬ ಅನುಮಾನ ಅವರನ್ನು ಬಿಡಲಿಲ್ಲ. ಆರೇಳುನೂರು ರೂಪಾಯಿ ಕೊಟ್ಟು ಬಡಗಿಯಿಂದ ಮಾಡಿಸಿದ ಮರದ ಪೆಟ್ಟಿಗೆಗೆ ಸಿಬ್ಬಂದಿ ಕೋಣೆಯ ಎದುರು ಬಿಟ್ಟರೆ ಬೇರೆ ಜಾಗ ಸಿಗದೆ, ಒಂದು ಮಳೆಗಾಲವಿಡೀ ಅದು ಖಾಲಿಯೇ ಉಳಿಯಿತು.

ಕೊನೆಗೆ ಫಲ ಕೊಟ್ಟ ವಿಧಾನ ಹೀಗಿದೆ. ತರಗತಿಯ ಕೊನೆಯ ಹತ್ತು ನಿಮಿಷ ನಾನು ಹೊರಗೆ ಹೋಗುತ್ತೇನೆ. ಅರ್ಧ ಹಾಳೆಯ ಚೀಟಿಯಲ್ಲಿ ಎರಡು ಪ್ರಶ್ನೆಗಳಿರುತ್ತವೆ: ಈ ವಾರ ಯಾವ ಮಾತು ಅರ್ಥವಾಗದೆ ಉಳಿಯಿತು, ನಿಮ್ಮೂರಿನ ಯಾವ ಸಂಗತಿಗೆ ಈ ಪಾಠದಲ್ಲಿ ಉತ್ತರ ಸಿಗಲಿಲ್ಲ. ಕೊಂಕಣಿಯಲ್ಲಿ, ಹವ್ಯಕ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಬೇರೆ ವಿಭಾಗದ ಒಬ್ಬ ವಿದ್ಯಾರ್ಥಿ ಅವನ್ನು ಲಕೋಟೆಯಲ್ಲಿ ಮುಚ್ಚಿ ಪೇಟೆಯ ಡಿಟಿಪಿ ಅಂಗಡಿಗೆ ಕೊಡುತ್ತಾನೆ, ನನ್ನ ಕೈಗೆ ಬರುವುದು ಬೆರಳಚ್ಚಾದ ಪ್ರತಿ ಮಾತ್ರ. ಅಕ್ಷರ ನೋಡಿ ಗುರುತು ಹಿಡಿಯುತ್ತಾರೆ ಎಂಬ ಭಯ ಹೋದ ದಿನವೇ ಅಭಿಪ್ರಾಯಗಳ ಧಾಟಿ ಬದಲಾಯಿತು. ಆರನೆಯ ಮತ್ತು ಹತ್ತನೆಯ ವಾರದಲ್ಲೂ ಇದೇ ನಡೆಯುತ್ತದೆ. ಸೆಮಿಸ್ಟರಿಗೆ ಸುಮಾರು ಸಾವಿರದೈನೂರು ರೂಪಾಯಿ ಖರ್ಚು, ಅದರಲ್ಲಿ ಬಹುಪಾಲು ಬೆರಳಚ್ಚಿನದು. ಮೊದಲೆರಡು ವರ್ಷ ಅದು ನನ್ನ ಜೇಬಿನಿಂದಲೇ ಹೋಯಿತು. ಮೂರನೆಯದೊಂದು ಪ್ರಶ್ನೆಯೂ ಇದೆ. ಮುಂದಿನ ತಂಡದವರು ಇದನ್ನು ಓದುವ ಸಾಧ್ಯತೆ ಇರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಚೀಟಿಗಿಂತ ಮುಖ್ಯವಾದದ್ದು ಮುಂದಿನ ತರಗತಿಯ ಉತ್ತರ. ಯಾವುದನ್ನು ಬದಲಿಸುತ್ತೇನೆ, ಯಾವುದನ್ನು ಬದಲಿಸುವುದಿಲ್ಲ, ಏಕೆ ಎಂದು ಎಲ್ಲರೆದುರು ಹೇಳದಿದ್ದರೆ ಎರಡನೆಯ ಸುತ್ತಿನ ಚೀಟಿಗಳು ಬೋಳಾಗಿಯೇ ಬರುತ್ತವೆ. ಉದ್ಯಾನ ನಗರಿಯ (ಊರಿನ ಸೌಕರ್ಯ, ಹಳ್ಳಿಯ ಹಸಿರು ಎರಡೂ ಒಟ್ಟಿಗಿರುವ ಊರು) ಕಲ್ಪನೆ ಮತ್ತು ಯೋಜನೆ ಹಾಕಿ ಕಟ್ಟಿದ ಚಂಡೀಗಢದ ಸೆಕ್ಟರುಗಳಿಗೆ ಮೊದಲ ವಾರಗಳನ್ನೆಲ್ಲ ಕೊಡುವುದು ಬೇಸರ ತರಿಸುತ್ತದೆ ಎಂದು ಹಲವರು ಬರೆದಿದ್ದರು. ಕಾರವಾರದ ರೈಲು ನಿಲ್ದಾಣ ಊರೊಳಗಿರದೆ ಶಿರವಾಡದಲ್ಲಿ ಏಕಿದೆ, ಊರಿಗೂ ಟಾಗೋರ್ ಕಡಲತೀರಕ್ಕೂ ನಡುವೆ ಹೆದ್ದಾರಿ 66 ಹಾಯ್ದರೆ ನಡೆದು ಹೋಗುವವರ ಗತಿಯೇನು ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಕ್ರಮವನ್ನು ನಾನು ತಿರುಗಿಸಿದೆ. ಈಗ ಶಿರವಾಡದಿಂದ ಹೊರಟು, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಮೂಲಕ ಚಂಡೀಗಢಕ್ಕೆ ತಡವಾಗಿ ತಲುಪುತ್ತೇವೆ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯೊಂದರ ಮೇಲೆಯೇ ಓಡಬೇಕಾಗಿ ಬಂದಾಗ, ನದಿಯಾಚೆಯ ಸದಾಶಿವಗಡದ ಕಡೆಯಿಂದ ಬರುವವರ ಚೀಟಿಗಳಲ್ಲಿ ಅದರ ಹೊರತು ಬೇರೆ ಮಾತಿರಲಿಲ್ಲ. ಸಾರಿಗೆಯ ಅಧ್ಯಾಯವನ್ನು ಅಲ್ಲಿಂದಲೇ ಶುರುಮಾಡಿದೆ; ನಾನು ಆವರೆಗೆ ಮಾಡಿದ ಪಾಠಗಳಲ್ಲಿ ಅಷ್ಟು ಗಮನವಿಟ್ಟು ಕೇಳಿದ್ದು ಮತ್ತೊಂದಿಲ್ಲ. ಪೇಟೆಯ ಸಮೀಕ್ಷೆಯನ್ನು ಸಂಜೆ ಇಟ್ಟರೆ ಅಂಕೋಲಾದ ಬಸ್ಸು ತಪ್ಪುತ್ತದೆ ಎಂಬ ದೂರು ಬಂದದ್ದರಿಂದ ಅದನ್ನು ಭಾನುವಾರದ ಸಂತೆಯ ಬೆಳಗಿಗೆ ಹಾಕಿದೆ, ಹಾಜರಾತಿ ಹೆಚ್ಚುಕಡಿಮೆ ಪೂರ್ತಿಯಾಯಿತು.

ಒಂದು ಬೇಡಿಕೆಗೆ ಮಾತ್ರ ನಾನು ಒಪ್ಪಿಲ್ಲ. ಭೂಬಳಕೆಯ ನಕ್ಷೆಗೆ ಕೈಯಲ್ಲಿ ಬಣ್ಣ ತುಂಬುವುದನ್ನು ಬಿಟ್ಟು ಕಂಪ್ಯೂಟರಿನಲ್ಲೇ ಮಾಡಿಸಿ ಎಂದು ಪ್ರತಿ ತಂಡವೂ ಬರೆಯುತ್ತದೆ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ ಎಂದು ಬಾಯಿಪಾಠ ಒಪ್ಪಿಸಬಹುದು. ಕೆಳಗೆ ಕಿರಾಣಿ ಅಂಗಡಿ, ಮೇಲೆ ಸಂಸಾರ ಇರುವ ಮನೆಯ ಮುಂದೆ ಪೆನ್ಸಿಲ್ ಹಿಡಿದು ನಿಂತಾಗಲೇ ಅದು ಹಳದಿಯೋ ನೀಲಿಯೋ ಎಂಬ ನಿರ್ಣಯದ ಕಷ್ಟ ತಿಳಿಯುವುದು. ಈ ವಿಷಯದಲ್ಲಿ ತರಗತಿಯ ಅಭಿಪ್ರಾಯವನ್ನೇ ನಂಬಬಾರದೆಂದು, ಪಾಸಾಗಿ ಎರಡು ಮೂರು ವರ್ಷವಾದ ಇಪ್ಪತ್ತರಷ್ಟು ಹಳೆಯ ವಿದ್ಯಾರ್ಥಿಗಳಿಗೂ ಅದೇ ಚೀಟಿ ಕಳಿಸಿದೆ. ಆಗ ಬಣ್ಣದ ಕೆಲಸವನ್ನು ಶಪಿಸಿದವರೇ ಈಗ ಅದನ್ನು ಉಳಿಸಿ ಎಂದು ಬರೆದರು.

ಇನ್ನೊಂದು ಪ್ರಯೋಗ ಅಭಿಪ್ರಾಯಕ್ಕೆ ನೇರವಾಗಿ ಸಂಬಂಧಿಸಿದ್ದಲ್ಲವಾದರೂ ಹೇಳಬೇಕು. ಮೊದಲ ದಿನ ಮತ್ತು ಕೊನೆಯ ವಾರ ತಮ್ಮೂರಿನ ನಕ್ಷೆಯನ್ನು ನೆನಪಿನಿಂದ ಬರೆಸುತ್ತೇನೆ. ಮೊದಲ ನಕ್ಷೆಗಳಲ್ಲಿ ಬಸ್ ನಿಲ್ದಾಣ, ಗುಡಿ, ಕಾಲೇಜು ಮಾತ್ರ ಇರುತ್ತವೆ. ಕೊನೆಯವುಗಳಲ್ಲಿ ಗಟಾರ ಯಾವ ಕಡೆಗೆ ಹರಿಯುತ್ತದೆ, ಗುಡ್ಡದ ನೀರು ಎಲ್ಲಿ ಸೇರುತ್ತದೆ ಎಂಬುದೂ ಬರುತ್ತದೆ. ಶಿರಸಿಯ ಹುಡುಗಿಯೊಬ್ಬಳು ಮಾರಿಕಾಂಬಾ ಜಾತ್ರೆಯ ದಿನಗಳ ಪೇಟೆಗೂ ಉಳಿದ ದಿನಗಳ ಪೇಟೆಗೂ ಬೇರೆ ಬೇರೆ ನಕ್ಷೆ ಬರೆದುಕೊಟ್ಟಳು. ಅದನ್ನು ನಾನು ಪ್ರತಿ ತಂಡಕ್ಕೂ ತೋರಿಸುತ್ತೇನೆ.

ಈ ವರ್ಷದಿಂದ ಬೆರಳಚ್ಚಿನ ಖರ್ಚನ್ನು ವಿಭಾಗವೇ ಭರಿಸುತ್ತಿದೆ. ಚೀಟಿಯ ಮಾದರಿಯನ್ನು ಕೇಳಿದ ಸಹೋದ್ಯೋಗಿಗಳಿಗೆಲ್ಲ ಕೊಟ್ಟಿದ್ದೇನೆ, ಮೂರನೆಯ ಪ್ರಶ್ನೆಯನ್ನು ಅವರವರೇ ಹುಡುಕಿಕೊಳ್ಳಲೆಂದು ಅಷ್ಟು ಜಾಗ ಖಾಲಿ ಬಿಟ್ಟು.